ಕ್ಯಾಂಪರ್ ಗಾಡಿಯ ಟಾಪಿನ ಸೋಲಾರ್: ಸೋರಿಕೆ, ಸಡಿಲ, ಚಾರ್ಜ್ ಇಲ್ಲ — ದೋಷ ಹುಡುಕುವ ಕ್ರಮ

ಕಡೂರು, ಅರಸೀಕೆರೆ ಬಯಲಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ತೂತು, ಗಾಡಿ ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಜಡಿಮಳೆಗೆ ಸಿಕ್ಕ ಮೊದಲ ರಾತ್ರಿಯೇ ಬಾಯಿ ಬಿಡುತ್ತದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ರಸ್ತೆಗಳೇ ಹಾಗೆ. ಬೆಳಿಗ್ಗೆ ಒಣಬಿಸಿಲು, ಮಧ್ಯಾಹ್ನ ಘಾಟಿಯ ಗಾಳಿ, ಸಂಜೆಯಿಂದ ಎಡೆಬಿಡದ ಮಳೆ. ಒಂದೇ ದಿನದಲ್ಲಿ ಮೂರನ್ನೂ ಟಾಪು ತಡೆದುಕೊಳ್ಳಬೇಕು.

ವ್ಯಾನನ್ನು ಮಲಗುವ ಗಾಡಿಯಾಗಿ ಮಾರ್ಪಡಿಸಿ, ಮೇಲೆ 100 ವ್ಯಾಟಿನ ಗಾಜಿನ ಪ್ಯಾನೆಲ್ ಒಂದೋ ಎರಡೋ ಕೂರಿಸಿ, 12 ವೋಲ್ಟ್ ಬ್ಯಾಟರಿ ತುಂಬಿಸಿಕೊಳ್ಳುವವರಿಗಾಗಿ ಈ ಬರಹ. ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿ, ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಕೊನೆಗೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ: ಹನಿ ಬಿದ್ದ ಜಾಗದ ನೇರ ಮೇಲೆ ತೂತು ಇರುವುದು ಅಪರೂಪ. ಕಂಡಲ್ಲೆಲ್ಲ ಸೀಲೆಂಟ್ ಬಳಿದರೆ ನೀರು ಬರುವ ದಾರಿ ಮುಚ್ಚುವುದಿಲ್ಲ. ಒಳಗೆ ಸೇರಿದ ನೀರು ಹೊರಗೆ ಹೋಗುವ ದಾರಿ ಮಾತ್ರ ಮುಚ್ಚುತ್ತದೆ. ಟಾಪಿನ ತಗಡು ಒಳಗಿನಿಂದ ತುಕ್ಕು ಹಿಡಿಯುವುದು ಹೆಚ್ಚಾಗಿ ಹೀಗೆಯೇ.

## ಏಣಿ ಹತ್ತುವ ಮುಂಚೆ

ಪ್ಯಾನೆಲ್‌ಗೆ ಸ್ವಿಚ್ ಇಲ್ಲ. ಬೆಳಕು ಬಿದ್ದಷ್ಟು ಹೊತ್ತೂ ಅದರಲ್ಲಿ ಕರೆಂಟ್ ಇದೆ, ಮೋಡ ಇದ್ದರೂ ಇದೆ. ಕೈ ಹಾಕುವ ಮುನ್ನ ದಪ್ಪ ಟಾರ್ಪಾಲನ್ನು ಎರಡು ಮಡಿಕೆ ಮಾಡಿ ಪೂರ್ತಿ ಮುಚ್ಚಿ ಕಟ್ಟಿ. ಒಂದು ಪ್ಯಾನೆಲಿನ 22 ವೋಲ್ಟ್ ಒಣ ಕೈಗೆ ಏನೂ ಮಾಡದಿರಬಹುದು. ಮೂರನ್ನು ಸಾಲಾಗಿ, ಅಂದರೆ ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ, ಜೋಡಿಸಿದ್ದರೆ ಅದು 66 ವೋಲ್ಟ್. ಡಿಸಿ ಕರೆಂಟಿನ ಕಿಡಿ ಮನೆಯ ಎಸಿಯಂತೆ ತಾನಾಗಿ ಆರುವುದಿಲ್ಲ, ಎಳೆದಷ್ಟೂ ಉದ್ದವಾಗುತ್ತದೆ. ಕರೆಂಟ್ ಹರಿಯುತ್ತಿರುವಾಗ ಎಂಸಿ4 ಕನೆಕ್ಟರನ್ನು (ಪ್ಯಾನೆಲ್ ಕೇಬಲಿನ ತುದಿಯಲ್ಲಿ ಕ್ಲಿಕ್ ಎಂದು ಕೂರುವ ಜೋಡಣೆ) ಎಳೆಯಲೇಬೇಡಿ.

ಬಿಚ್ಚುವಾಗ, ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ನಿಯಂತ್ರಿಸುವ ಕಂಟ್ರೋಲರ್‌ನಿಂದ ಪ್ಯಾನೆಲ್ ವೈರು ಮೊದಲು, ಬ್ಯಾಟರಿ ವೈರು ಆಮೇಲೆ. ಮತ್ತೆ ಜೋಡಿಸುವಾಗ ಬ್ಯಾಟರಿ ಮೊದಲು. ಈ ಕ್ರಮ ತಪ್ಪಿ ಕೆಟ್ಟುಹೋಗುವ ಕಂಟ್ರೋಲರ್‌ಗಳು ಕಡಿಮೆಯೇನಲ್ಲ. ಬ್ಯಾಟರಿ ಹತ್ತಿರ ಹೋಗುವಾಗ ಉಂಗುರ, ಬಳೆ ತೆಗೆಯಿರಿ, ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ.

ಮಳೆಗಾಲದಲ್ಲಿ ಟಾಪಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಪಾಚಿ ಕಟ್ಟಿರುತ್ತದೆ. ಒದ್ದೆ ಇದ್ದಾಗ ಹತ್ತಬೇಡಿ. ಹತ್ತಿದರೂ ತಗಡಿನ ಮಧ್ಯೆ ಕಾಲಿಡದೆ, ಒಳಗಿನ ಅಡ್ಡಪಟ್ಟಿಗಳ ಮೇಲೆ ಹಲಗೆ ಹಾಕಿ ಅದರ ಮೇಲೆ ತೂಕ ಬಿಡಿ. ಏಪ್ರಿಲ್, ಮೇ ಮಧ್ಯಾಹ್ನ ಗುಡುಗು ಕೇಳಿಸಿದರೆ ಆ ಕ್ಷಣವೇ ಇಳಿಯಿರಿ.

ಸಾಮಾನು: ಡಿಜಿಟಲ್ ಮಲ್ಟಿಮೀಟರ್, 10ರ ಸ್ಪ್ಯಾನರ್, ಟಾರ್ಚು, ಚಾಕ್‌ಪೀಸ್ ಪುಡಿ, ಟಿಶ್ಯೂ ಪೇಪರ್, ತೋಟಕ್ಕೆ ನೀರು ಬಿಡುವ ಪೈಪು.

## ಲಕ್ಷಣ: ಒಳಗೆ ಹನಿ ಬೀಳುತ್ತಿದೆ

ಮೊದಲು ತೀರ್ಮಾನಿಸಬೇಕಾದ್ದು, ಇದು ಸೋರಿಕೆಯೋ ತಗಡು ಬೆವರಿದ ನೀರೋ ಎಂಬುದು. ಜನವರಿಯ ರಾತ್ರಿ ಮುಳ್ಳಯ್ಯನಗಿರಿ ತಪ್ಪಲಲ್ಲೋ ಬಿಸಿಲೆ ಘಾಟಿಯ ಬದಿಯಲ್ಲೋ ಇಬ್ಬರು ಕಿಟಕಿ ಮುಚ್ಚಿ ಮಲಗಿದರೆ, ಒಂದು ಹನಿ ಮಳೆ ಇಲ್ಲದೆಯೂ ಬೆಳಗಿಗೆ ಒಳಛಾವಣಿ ಒದ್ದೆಯಾಗಿರುತ್ತದೆ. ಉಸಿರಿನ ತೇವ ಒಂದು ಕಡೆ, ಅಡುಗೆ ಇನ್ನೊಂದು ಕಡೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಗಾಡಿಯೊಳಗೇ ಸೇರುತ್ತದೆ. ಪ್ಯಾನೆಲ್ ಬ್ರಾಕೆಟ್‌ನ ಬೋಲ್ಟುಗಳು ಟಾಪನ್ನು ತೂರಿ ಒಳಗೆ ಬಂದಿದ್ದರೆ, ಹೊರಗಿನ ಚಳಿ ಅವುಗಳ ಮೂಲಕ ಒಳಗಿಳಿದು, ಬೋಲ್ಟಿನ ತುದಿಯಲ್ಲೇ ಹನಿ ನೇತಾಡುತ್ತದೆ. ನೋಡಿದವರು ಬೋಲ್ಟ್ ಸೋರುತ್ತಿದೆ ಎಂದೇ ನಂಬುತ್ತಾರೆ.

ಬೇರ್ಪಡಿಸುವುದು ಸುಲಭ. ಬೆವರಾದರೆ ಎಲ್ಲ ಬೋಲ್ಟುಗಳ ತುದಿಯಲ್ಲೂ, ಕಿಟಕಿ ಗಾಜಿನಲ್ಲೂ ಹನಿ ಇರುತ್ತದೆ. ಸೋರಿಕೆಯಾದರೆ ಒಂದೇ ಕಡೆ, ಗೆರೆಯಾಗಿ. ಮಳೆ ಇಲ್ಲದ ಒಂದು ರಾತ್ರಿ ಎದುರುಬದುರಿನ ಕಿಟಕಿಗಳನ್ನು ಎರಡು ಬೆರಳಷ್ಟು ತೆರೆದು, ಒಳಗೆ ಒಲೆ ಹಚ್ಚದೆ ಮಲಗಿ ನೋಡಿ. ಒಣಗಿದ್ದರೆ ಟಾಪನ್ನು ಮುಟ್ಟುವ ಕೆಲಸವೇ ಇಲ್ಲ. ಬೋಲ್ಟಿನ ತುದಿಗೆ ರಬ್ಬರ್ ಟೋಪಿ ಹಾಕಿ, ಮೇಲೆ ಫೋಮ್ ಅಂಟಿಸಿದರೆ ಸಾಕು.

ಸೋರಿಕೆಯೇ ಎಂದು ಖಚಿತವಾದರೆ, ಯಾವಾಗ ಸೋರುತ್ತದೆ ಎಂಬುದನ್ನು ಗಮನಿಸಿ. ಅರ್ಧ ಉತ್ತರ ಅಲ್ಲೇ ಇದೆ.

ನಿಂತ ಗಾಡಿಯಲ್ಲಿ ಮಳೆ ಶುರುವಾದ ಹತ್ತು ನಿಮಿಷದೊಳಗೆ ಹನಿಸಿದರೆ ದಾರಿ ನೇರವಾಗಿದೆ. ಕೇಬಲ್ ಒಳಬರುವ ತೂತನ್ನೋ ಬ್ರಾಕೆಟ್ ಬೋಲ್ಟನ್ನೋ ಶಂಕಿಸಿ. ನಿಂತಾಗ ಸೋರದೆ ಓಡುವಾಗ ಮಾತ್ರ ಸೋರಿದರೆ ಗ್ಲ್ಯಾಂಡಿನ (ಕೇಬಲ್ ಸುತ್ತ ರಬ್ಬರ್ ಬಿಗಿದು ನೀರು ತಡೆಯುವ ತಿರುಪು ಬಿರಡೆ) ಬಾಯಿ ಗಾಡಿಯ ಮುಂದಕ್ಕೆ ತಿರುಗಿದೆ ಎಂದೇ ತಿಳಿಯಿರಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿ ಚದರ ಮೀಟರಿಗೆ ಸುಮಾರು 30 ಕಿಲೋ ಒತ್ತಡದಲ್ಲಿ ನೀರನ್ನು ಸಂದಿಗೆ ತಳ್ಳುತ್ತದೆ. ಚಾರ್ಮಾಡಿ ಇಳಿಯುವಾಗಲೋ ಬ್ರೇಕ್ ಹಾಕಿದಾಗಲೋ ಒಮ್ಮೆಗೇ ಸುರಿದರೆ, ಟಾಪಿನ ಏಣುಗಳ ನಡುವೆ ನಿಂತ ನೀರು ಮುಂದಕ್ಕೆ ಹರಿದು ಅಲ್ಲಿಯ ತೂತಿಗೆ ಸಿಕ್ಕಿದೆ. ಮಳೆ ನಿಂತು ಮಾರನೆಯ ದಿನ ಹನಿಸಿದರೆ, ಒಳಛಾವಣಿಯ ಮೇಲಿನ ಫೋಮ್ ಅಥವಾ ಪ್ಲೈವುಡ್ ನೀರು ಕುಡಿದು ಕೂತಿದೆ. ಅದನ್ನು ತೆಗೆದು ಒಣಗಿಸದೆ ಮೇಲಿನ ತೂತು ಮುಚ್ಚಿದರೆ ಇನ್ನೂ ಒಂದು ವಾರ ಹನಿಸುತ್ತಲೇ ಇರುತ್ತದೆ; ರಿಪೇರಿ ಕೈಕೊಟ್ಟಿತೆಂದು ನೀವು ಮತ್ತೆ ಬಿಚ್ಚುತ್ತೀರಿ.

ಕೇಬಲ್ ಹಿಡಿದು ನೋಡುವುದು. ಒಳಗಡೆ ಕೇಬಲ್ ಇಳಿಯುವ ಜಾಗದಲ್ಲಿ ಟಿಶ್ಯೂ ಸುತ್ತಿ. ಅದು ಒದ್ದೆಯಾದರೆ ನೀರು ಕೇಬಲ್ ಮೈಗುಂಟ ಇಳಿದಿದೆ, ದೋಷ ಗ್ಲ್ಯಾಂಡಿನಲ್ಲಿ. ಟಿಶ್ಯೂ ಒಣಗಿದ್ದು ಪಕ್ಕದ ತಗಡು ಒದ್ದೆಯಿದ್ದರೆ ದೋಷ ಗ್ಲ್ಯಾಂಡ್ ಕೂರಿಸಿದ ಪೆಟ್ಟಿಗೆಯ ತಳದ ಸೀಲೆಂಟಿನಲ್ಲಿ. ಮೂರನೆಯದೊಂದಿದೆ, ಬಹಳ ಜನ ಎಡವುವುದು ಇಲ್ಲೇ: ಕೇಬಲ್ ಹೊರಮೈ ಒಣಗಿದೆ, ಆದರೂ ಕಂಟ್ರೋಲರಿನ ಟರ್ಮಿನಲ್‌ನಲ್ಲಿ ನೀರು, ಹಸಿರು ಕಿಲುಬು. ಮೇಲಿನ ಕನೆಕ್ಟರ್ ಸರಿಯಾಗಿ ಕೂರದೆ, ಅಥವಾ ಎಲ್ಲೋ ಕೇಬಲ್ ಸಿಪ್ಪೆ ಸೀಳಿ, ನೀರು ತಾಮ್ರದ ಎಳೆಗಳ ಸಂದಿಯಲ್ಲೇ, ಬತ್ತಿಯಲ್ಲಿ ಎಣ್ಣೆ ಸಾಗಿದಂತೆ, ಕೆಳಗಿಳಿದಿದೆ. ಇಂಥ ಕೇಬಲ್‌ಗೆ ಟೇಪ್ ಸುತ್ತಿ ಪ್ರಯೋಜನವಿಲ್ಲ. ಎಳೆ ಕಪ್ಪಾದಷ್ಟು ದೂರ ಕತ್ತರಿಸಿ, ಇಲ್ಲವೇ ಹೊಸದು ಎಳೆಯಿರಿ.

ಪೈಪಿನ ಪರೀಕ್ಷೆ. ಒಣ ದಿನ, ಇಬ್ಬರು ಬೇಕು. ಒಳಗಿರುವವರು ಒಳಛಾವಣಿಯ ಹಲಗೆ ಬಿಚ್ಚಿ, ಶಂಕೆಯ ಜಾಗದ ಸುತ್ತ ಚಾಕ್‌ಪೀಸ್ ಪುಡಿಯನ್ನು ಒಣ ಬ್ರಷ್‌ನಿಂದ ಸವರಲಿ. ನೀರು ತಾಗಿದ ಕೂಡಲೇ ಪುಡಿಯಲ್ಲಿ ಗೆರೆ ಬೀಳುತ್ತದೆ. ಹೊರಗಿನವರು ಪೈಪಿಗೆ ಬೆರಳಿಟ್ಟು ಚಿಮ್ಮಿಸದೆ, ಸೋನೆಮಳೆಯಂತೆ ಬಿಡಬೇಕು. ಟಾಪಿನ ತಗ್ಗಿನ ಅಂಚಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಐದು ನಿಮಿಷ ಕೊಟ್ಟು, ನಿಧಾನ ಮೇಲಕ್ಕೆ ಬನ್ನಿ. ಮೇಲಿನಿಂದ ಬಿಟ್ಟರೆ ನೀರು ಎಲ್ಲ ತೂತುಗಳ ಮೇಲೂ ಹರಿದು ಯಾವುದು ಅಪರಾಧಿ ಎಂದು ತಿಳಿಯದು. ಕಾರು ತೊಳೆಯುವ ಪ್ರೆಶರ್ ವಾಷರ್ ಬೇಡ. ಅದು ಇಲ್ಲದ ಸೋರಿಕೆಯನ್ನೂ ಹುಟ್ಟಿಸುತ್ತದೆ.

ಗೆರೆ ಸಿಕ್ಕಿತೇ? ಅದರ ಮೇಲ್ತುದಿಗೆ ಪೆನ್ಸಿಲಿನಿಂದ ಗುರುತು ಮಾಡಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಉಳಿದ ಜಾಗಗಳನ್ನೂ ಮುಗಿಸಿ. ಎರಡು ತೂತು ಒಟ್ಟಿಗೆ ಸೋರುವುದುಂಟು.

ಗ್ಲ್ಯಾಂಡಿನಲ್ಲಿ ನೋಡಬೇಕಾದ್ದು. 4 ಚದರ ಮಿ.ಮೀ. ಸೋಲಾರ್ ಕೇಬಲಿನ ಹೊರ ದಪ್ಪ ಸುಮಾರು 6 ಮಿ.ಮೀ. ಇದಕ್ಕೆ ಪಿಜಿ9 ಗ್ಲ್ಯಾಂಡ್ ಹೊಂದುತ್ತದೆ, 4ರಿಂದ 8 ಮಿ.ಮೀ.ವರೆಗೆ ಹಿಡಿಯುತ್ತದೆ. ಒಂದೇ ಗ್ಲ್ಯಾಂಡಿನಲ್ಲಿ ಪ್ಲಸ್, ಮೈನಸ್ ಎರಡನ್ನೂ ತುರುಕಿದ್ದರೆ ಸೋರಿಕೆಗೆ ಬೇರೆ ಕಾರಣ ಹುಡುಕಬೇಕಿಲ್ಲ. ಎರಡು ಗುಂಡು ಕೇಬಲ್‌ಗಳ ನಡುವಿನ ಸಂದಿಯನ್ನು ಯಾವ ರಬ್ಬರೂ ತುಂಬದು. ಗ್ಲ್ಯಾಂಡಿನಿಂದ ಹೊರಬಿದ್ದ ಕೇಬಲ್ ನೇರ ಮೇಲಕ್ಕೆ ಏರಿ ಪ್ಯಾನೆಲ್‌ಗೆ ಹೋಗಿದ್ದರೂ ತಪ್ಪು, ಏಕೆಂದರೆ ಅದರಗುಂಟ ಇಳಿದ ನೀರೆಲ್ಲ ರಬ್ಬರಿನ ಬಾಯಿಗೇ ಬರುತ್ತದೆ. ಕೇಬಲ್ ಮೊದಲು ತಗ್ಗಿಗೆ ಬಾಗಿ, ಆಮೇಲೆ ಏರಬೇಕು. ಹನಿ ಬಾಗಿನ ತಳದಲ್ಲಿ ಕಳಚಿ ಬೀಳುತ್ತದೆ. ಗ್ಲ್ಯಾಂಡ್ ಬಾಯಿ ಯಾವಾಗಲೂ ಗಾಡಿಯ ಹಿಂದಕ್ಕೆ.

ಇನ್ನೊಂದು, ಮೊಹರು ಹಾಕಿದಂತೆ ಎಲ್ಲೆಡೆ ಕಾಣುವ ಎಂ-ಸೀಲ್. ನೀರಿನ ಪೈಪಿಗೆ ಅದು ಒಳ್ಳೆಯ ವಸ್ತು. ಗಾಡಿಯ ಟಾಪು ಪೈಪಲ್ಲ, ದಿನವಿಡೀ ಕಂಪಿಸುತ್ತದೆ, ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ. ಒಂದು ಮೀಟರ್ ಅಲ್ಯೂಮಿನಿಯಂ ಪಟ್ಟಿಯನ್ನು ಉಕ್ಕಿನ ಟಾಪಿಗೆ ಬಿಗಿದಿದ್ದರೆ, 40 ಡಿಗ್ರಿ ಏರಿಳಿತಕ್ಕೆ ಎರಡರ ಉದ್ದದಲ್ಲಿ ಸುಮಾರು ಅರ್ಧ ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಕಲ್ಲಿನಂತೆ ಗಟ್ಟಿಯಾಗುವ ಯಾವುದೂ ಇದಕ್ಕೆ ಬಗ್ಗದೆ, ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕು ಬಟ್ಟೆಯಂತೆ ನೀರೆಳೆಯುತ್ತದೆ.

ಸರಿಪಡಿಸುವುದು. ಎರಡು ಗ್ಲ್ಯಾಂಡಿನ ಎಬಿಎಸ್ ಪೆಟ್ಟಿಗೆ ತನ್ನಿ. ತಗಡಿಗೆ ಕೊರೆದ ತೂತು ಪೆಟ್ಟಿಗೆಯ ಕೆಳಗೆ ಅಡಗುತ್ತದೆ. ಹಳೆಯ ಸೀಲೆಂಟನ್ನು ಪ್ಲಾಸ್ಟಿಕ್ ಚೂಪಿನಿಂದ ಪೂರ್ತಿ ಕೆರೆಯಿರಿ. ಹಿಂದೆ ಬಳಿದದ್ದು ಸಿಲಿಕೋನ್ ಆಗಿದ್ದರೆ ತಾಳ್ಮೆ ಬೇಕು: ಕಣ್ಣಿಗೆ ಕಾಣದಷ್ಟು ಉಳಿದರೂ ಅದರ ಮೇಲೆ ಬೇರೆ ಯಾವುದೂ ಹಿಡಿಯುವುದಿಲ್ಲ, ಬಣ್ಣ ಕೂಡ. ವಿನೆಗರ್ ವಾಸನೆಯ ಸಿಲಿಕೋನ್ ಆಗಿದ್ದರೆ ಕೆಳಗಿನ ತಗಡು, ತಾಮ್ರ ಎರಡನ್ನೂ ತಿಂದಿರಬಹುದು, ನೋಡಿಕೊಳ್ಳಿ.

ತೂತಿನ ಅಂಚಿನ ಮುಳ್ಳನ್ನು ಫೈಲಿನಿಂದ ಉಜ್ಜಿ, ಬರಿ ಲೋಹಕ್ಕೆ ಜಿಂಕ್ ಪ್ರೈಮರ್, ಮೇಲೆ ಎರಡು ಕೋಟು ಪೇಂಟ್. ಒಣಗಿದ ಮೇಲೆ ತೂತಿನ ಅಂಚಿಗೆ ರಬ್ಬರ್ ಬಳೆ, ಅಂದರೆ ಗ್ರಾಮೆಟ್. ಕೊರೆದಾಗ ಬಿದ್ದ ಕಬ್ಬಿಣದ ಹುಡಿಯನ್ನು ಆಯಸ್ಕಾಂತದಿಂದ ಎತ್ತಿಬಿಡಿ. ಮಲೆನಾಡಿನ ಒಂದು ರಾತ್ರಿಯ ಇಬ್ಬನಿಗೇ ಅದು ಟಾಪಿನ ತುಂಬ ತುಕ್ಕಿನ ಚುಕ್ಕೆ ಇಡುತ್ತದೆ. ಅಂಟಿಸುವ ಎರಡೂ ಮೈಗಳನ್ನು 120–180ರ ಎಮರಿ ಪೇಪರಿನಿಂದ ಹೊಳಪು ಹೋಗುವಷ್ಟು ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಪೆಟ್ರೋಲ್, ಸೀಮೆಎಣ್ಣೆ ಎಣ್ಣೆಯ ಪದರ ಉಳಿಸುತ್ತವೆ. ಥಿನ್ನರ್ ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಸೀಲೆಂಟ್ ವಾಹನಗಳಿಗೆಂದೇ ಬರುವ ಪಾಲಿಯುರಿಥೇನ್ ಅಥವಾ ಎಂಎಸ್ ಪಾಲಿಮರ್ ಇರಲಿ. ಪೆಟ್ಟಿಗೆಯ ತಳದ ಅಂಚಿನಗುಂಟ ಕಡಿಯದ ಒಂದೇ ಗೆರೆ, ಬೋಲ್ಟ್ ಇದ್ದರೆ ಅದರ ಸುತ್ತ ಇನ್ನೊಂದು. ಒತ್ತಿದ ಮೇಲೂ ಅಡಿಯಲ್ಲಿ 2–3 ಮಿ.ಮೀ. ದಪ್ಪ ಉಳಿಯಬೇಕು. ಪೂರ್ತಿ ಹಿಂಡಿ ತೆಗೆದರೆ ಬಾಗುವ ಗುಣವೇ ಹೋಗುತ್ತದೆ. ಒಂದು ಪ್ಯಾನೆಲಿನ ಬ್ರಾಕೆಟ್‌ಗಳಿಗೂ ಒಂದು ಪೆಟ್ಟಿಗೆಗೂ 300 ಮಿ.ಲೀ. ಟ್ಯೂಬ್ ಒಂದು ಸಾಕು. ದಿನಕ್ಕೆ ಸುಮಾರು 3 ಮಿ.ಮೀ. ಆಳಕ್ಕೆ ಗಟ್ಟಿಯಾಗುತ್ತದೆ, ಅಂದರೆ ಅಗಲ ಬ್ರಾಕೆಟ್‌ನ ನಡುಭಾಗಕ್ಕೆ ವಾರ ಹಿಡಿಯುತ್ತದೆ. ಒದ್ದೆ ತಗಡಿಗೆ ಹಾಕಿದ್ದು ಹಿಡಿಯುವುದಿಲ್ಲ. ಹಾಗಾಗಿ ಈ ಕೆಲಸ ಮೃಗಶಿರೆ ಮಳೆಗೆ ಮುಂಚೆ ಮುಗಿಯಬೇಕು. ಆರಿದ್ರೆಯಲ್ಲಿ ಸೋರಿದ್ದು ಗೊತ್ತಾದರೆ, ಟಾಪಿಗೆ ಟಾರ್ಪಾಲ್ ಕಟ್ಟಿ ಬಯಲುಸೀಮೆಗೆ ಗಾಡಿ ಇಳಿಸಿ ಅಲ್ಲೇ ಮಾಡುವುದು ಜಾಣತನ.

ಇಲ್ಲಿ ನಿಲ್ಲಿ: ತೂತಿನ ಸುತ್ತ ಬೆರಳಿನಿಂದ ಒತ್ತಿದರೆ ತಗಡು ಒಳಸರಿದರೆ, ಅಥವಾ ಪದರಪದರವಾಗಿ ತುಕ್ಕು ಎದ್ದರೆ, ಸೀಲೆಂಟ್ ಮಾತು ಮುಗಿಯಿತು. ಬಾಡಿ ಬಿಲ್ಡಿಂಗ್ ಶೆಡ್ಡಿನಲ್ಲಿ ಆ ಭಾಗ ಕತ್ತರಿಸಿ ಹೊಸ ತಗಡು ಹಾಕಿಸಬೇಕು. ವೆಲ್ಡಿಂಗ್‌ಗೆ ಮುಂಚೆ ಪ್ಯಾನೆಲ್, ಕಂಟ್ರೋಲರ್, ಎಂಜಿನ್ನಿನದೂ ಸೋಲಾರಿನದೂ ಎರಡೂ ಬ್ಯಾಟರಿ ಬಿಚ್ಚಿರಬೇಕು.

## ಲಕ್ಷಣ: ಬ್ರಾಕೆಟ್ ಅಲ್ಲಾಡುತ್ತಿದೆ, ಅಂಟು ಎದ್ದಿದೆ

ಪ್ಯಾನೆಲ್ ಫ್ರೇಮನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಅಲುಗಬಾರದು. 100 ವ್ಯಾಟಿನ ಗಾಜಿನ ಪ್ಯಾನೆಲ್ 7–8 ಕಿಲೋ ತೂಗುತ್ತದೆ, ಆದರೆ ಭಯ ತೂಕದ್ದಲ್ಲ, ಗಾಳಿಯದು. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಪ್ಯಾನೆಲ್ ಅಡಿಗೆ ಸಿಕ್ಕಿದರೆ 30 ಕಿಲೋ ಆಸುಪಾಸಿನ ಬಲ ಮೇಲಕ್ಕೆತ್ತುತ್ತದೆ. ಎದುರು ಬರುವ ಲಾರಿಯ ಗಾಳಿ ಅದಕ್ಕೆ ಸೇರುತ್ತದೆ. ಒಂದು ಬ್ರಾಕೆಟ್ ಬಿಟ್ಟಿದ್ದರೂ ಗಾಡಿ ಓಡಿಸಬೇಡಿ, ಹಗ್ಗ ಕಟ್ಟಿ ಹೋಗುತ್ತೇನೆಂಬ ಧೈರ್ಯವೂ ಬೇಡ. ಹಿಂದೆ ಬೈಕಿನಲ್ಲಿ ಬರುವವರ ನೆನಪಿರಲಿ.

ಕಿತ್ತುಬಂದ ಅಂಟಿನ ಮೈಯನ್ನು ಓದಲು ಕಲಿತರೆ ಮತ್ತೆ ಅದೇ ತಪ್ಪು ಆಗುವುದಿಲ್ಲ. ಅಂಟೆಲ್ಲ ಟಾಪಿನಲ್ಲೇ ಉಳಿದು ಬ್ರಾಕೆಟ್‌ನ ತಳ ಕನ್ನಡಿಯಂತೆ ಚೊಕ್ಕಟವಾಗಿ ಬಂದಿದ್ದರೆ, ಬ್ರಾಕೆಟ್ ಉಜ್ಜಿರಲಿಲ್ಲ ಅಥವಾ ಅದರ ಮೇಲೆ ಎಣ್ಣೆ ಇತ್ತು. ಅಂಟಿನ ಬೆನ್ನಿಗೆ ಟಾಪಿನ ಪೇಂಟ್ ಅಂಟಿಕೊಂಡು ಬಂದಿದ್ದರೆ ಅಂಟಿನ ದೋಷವಲ್ಲ. ಹಳೆಯ ಪೇಂಟ್ ತಗಡನ್ನು ಬಿಟ್ಟಿದೆ. ಅಲ್ಲಿ ಪೇಂಟ್ ತೆಗೆದು ಪ್ರೈಮರ್‌ನಿಂದಲೇ ಶುರು ಮಾಡಬೇಕು. ಅಂಟು ನಡುವೆ ಹರಿದು ಅರ್ಧ ಅಲ್ಲಿ ಅರ್ಧ ಇಲ್ಲಿ ಉಳಿದಿದ್ದರೆ ಹಿಡಿತ ಚೆನ್ನಾಗಿಯೇ ಇತ್ತು, ಪದರ ತೆಳುವಾಯಿತು ಅಥವಾ ಬ್ರಾಕೆಟ್ ಸಣ್ಣದಾಯಿತು. ನಡುವೆ ಇನ್ನೂ ಜಿಗುಟು ಇದ್ದರೆ ಒಣಗುವ ಮುಂಚೆ ಗಾಡಿ ಓಡಿಸಲಾಗಿದೆ.

ಬರೀ ಅಂಟಿನ ಮೇಲೆ ನಿಲ್ಲಿಸುವವರಿದ್ದಾರೆ, ಚೆನ್ನಾಗಿ ಮಾಡಿದರೆ ನಿಲ್ಲುತ್ತದೆ ಕೂಡ. ಆದರೆ ಪೇಂಟ್ ಯಾವಾಗ ಹೊಡೆದದ್ದೆಂದು ಗೊತ್ತಿಲ್ಲದ ಹಳೆಯ ಗಾಡಿಗೆ ಅಂಟಿನ ಜೊತೆ ಬೋಲ್ಟೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ತಗಡಿಗೆ ನೇರ ಸ್ಕ್ರೂ ಹಾಕುವುದು ಮಾತ್ರ ಬೇಡ. ಒಂದು ಮಿಲಿಮೀಟರೂ ಇಲ್ಲದ ತಗಡಿನಲ್ಲಿ ಸ್ಕ್ರೂವಿಗೆ ಒಂದೇ ಸುತ್ತು ಹಿಡಿತ. ಕಂಪನಕ್ಕೆ ತೂತು ಅಗಲವಾಗಿ, ಅದೇ ಸೋರುತ್ತದೆ. 6 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟ್, ಒಳಗಡೆ ಅಂಗೈಯಗಲದ 3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ, ಕಂಪನಕ್ಕೆ ಸಡಿಲವಾಗದ ನೈಲಾಕ್ ನಟ್. ಒಳಗಿನಿಂದ ಕೈ ಹೋಗದ ಕಡೆ, ಹೊರಗಿನಿಂದಲೇ ತೂತಿಗೆ ಕೂರಿಸುವ ರಿವ್ನಟ್. ಫೈಬರ್ ಟಾಪಾದರೆ ಒಳಪಟ್ಟಿ ಇಲ್ಲದೆ ಬಿಗಿಯಲೇಬಾರದು, ಸುತ್ತ ಜೇಡನ ಬಲೆಯಂತೆ ಬಿರುಕು ಬಿಡುತ್ತದೆ.

ಜಾಗ ಸಾಲದೆಂದು ಒಳಗಿನ ಅಡ್ಡಪಟ್ಟಿ ಕತ್ತರಿಸುವ ಯೋಚನೆ ಬಂದರೆ ಕೈಬಿಡಿ. ಅದು ಗಾಡಿಯ ರಚನೆಯನ್ನೇ ಬದಲಿಸಿದಂತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಿಚಾರ. ಪ್ಯಾನೆಲ್ ಕೂರಿಸಿದ ಮೇಲೆ ನೆಲದಿಂದ ಒಟ್ಟು ಎತ್ತರ ಅಳೆದು ಡ್ರೈವರ್ ಸೀಟಿನ ಮುಂದೆ ಬರೆದು ಅಂಟಿಸಿ. ರೈಲ್ವೆ ಕೆಳಸೇತುವೆ ಮುಂದೆ ನಿಂತು ಲೆಕ್ಕ ಹಾಕುವುದು ತಪ್ಪುತ್ತದೆ.

## ಲಕ್ಷಣ: ಬಿಸಿಲಿದೆ, ಬ್ಯಾಟರಿ ತುಂಬುತ್ತಿಲ್ಲ

ಮೊದಲು ನಿರೀಕ್ಷೆ ಸರಿಪಡಿಸಿಕೊಳ್ಳಿ. ಜುಲೈನಲ್ಲಿ ಸಕಲೇಶಪುರದ ಮೋಡದ ಕೆಳಗೆ 200 ವ್ಯಾಟಿನ ಪ್ಯಾನೆಲ್‌ನಿಂದ ಕಾಲು ಭಾಗವೂ ಬಾರದಿದ್ದರೆ ಅದು ದೋಷವಲ್ಲ, ಮಳೆಗಾಲ. ಮಲಗಿಸಿ ಕೂರಿಸಿದ್ದೇ ತಪ್ಪೆಂದು ಕೆಲವರು ಚಿಂತಿಸುತ್ತಾರೆ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯಕ್ಕೂ ನಡುಹಗಲ ಸೂರ್ಯ ನೆತ್ತಿಗೇ ಬರುತ್ತಾನೆ. ಡಿಸೆಂಬರ್ ಮಧ್ಯಾಹ್ನ ಮಾತ್ರ ಐದರಲ್ಲೊಂದು ಪಾಲು ಖೋತಾ.

ನೆರಳು. ಕಾಫಿ ತೋಟದಲ್ಲಿ ನಿಲ್ಲಿಸುವವರಿಗೆ ಇದೇ ಮೊದಲ ಕಾರಣ. 36 ಕೋಶದ ಪ್ಯಾನೆಲಿನಲ್ಲಿ ಸಾಮಾನ್ಯವಾಗಿ ಎರಡು ಬೈಪಾಸ್ ಡಯೋಡ್ ಇರುತ್ತವೆ. ಒಂದೇ ಒಂದು ಕೋಶದ ಮೇಲೆ ಸಿಲ್ವರ್ ಓಕ್ ಎಲೆ ಅಂಟಿ ಕೂತರೂ ಆ ಅರ್ಧ ಪ್ಯಾನೆಲನ್ನು ಡಯೋಡ್ ಪಕ್ಕಕ್ಕೆ ಸರಿಸುತ್ತದೆ. ಉಳಿದರ್ಧದಿಂದ ಬರುವುದು ಸುಮಾರು 9 ವೋಲ್ಟ್. 12 ವೋಲ್ಟ್ ಬ್ಯಾಟರಿಗೆ 9 ವೋಲ್ಟಿನಿಂದ ಏನೂ ಹೋಗುವುದಿಲ್ಲ. ಹಾಗಾಗಿ ಒಂದು ಎಲೆಗೆ ಅರ್ಧ ನಷ್ಟವಲ್ಲ, ಪೂರ್ತಿ ನಷ್ಟ. ಟಾಪಿನ ಕ್ಯಾರಿಯರ್ ಕಂಬಿ, ಫ್ಯಾನಿನ ಮುಚ್ಚಳ, ಹಕ್ಕಿ ಹಿಕ್ಕೆ ಇವೂ ಇದೇ ಕೆಲಸ ಮಾಡುತ್ತವೆ. ಗಾಡಿಯನ್ನು ಕಾಫಿ ಒಣಗಿಸುವ ಕಣದ ಅಂಚಿಗೆ ತಂದು, ಪ್ಯಾನೆಲ್ ತೊಳೆದು, ಹನ್ನೊಂದು ಗಂಟೆಗೆ ಮತ್ತೆ ನೋಡಿ. ಕೆಳ ಅಂಚಿನ ಫ್ರೇಮಿನಲ್ಲಿ ಕಟ್ಟಿದ ಕೆಸರು, ಪಾಚಿ ಬಿಡಬೇಡಿ. ಕೊನೆಯ ಸಾಲಿನ ಕೋಶಗಳು ಅದರಡಿಯಲ್ಲೇ ಇವೆ.

ಫ್ಯೂಸ್. ಬ್ಯಾಟರಿಯ ಪ್ಲಸ್ ಹತ್ತಿರ, ಒಂದು ಗೇಣಿನೊಳಗೆ ಇರಬೇಕು. 200 ವ್ಯಾಟಿಗೆ 6 ಚದರ ಮಿ.ಮೀ. ವೈರು, 20 ಆಂಪ್ ಫ್ಯೂಸ್. ಹೋಗಿದ್ದರೆ ಒಮ್ಮೆ ಬದಲಿಸಿ. ಮತ್ತೆ ಹೋದರೆ ದೊಡ್ಡ ಫ್ಯೂಸ್ ಹಾಕುವುದಲ್ಲ, ಎಲ್ಲಿ ಶಾರ್ಟ್ ಆಗಿದೆ ಎಂದು ಹುಡುಕುವುದು.

ಮಲ್ಟಿಮೀಟರ್ ಹೇಳುವುದು. ಕಂಟ್ರೋಲರ್‌ನಿಂದ ಪ್ಯಾನೆಲ್ ವೈರು ಬಿಚ್ಚಿ, ತುದಿಗಳು ತಾಗದಂತೆ ಹಿಡಿದು ಡಿಸಿ ವೋಲ್ಟ್ ಅಳೆಯಿರಿ. 100 ವ್ಯಾಟಿನ 12 ವೋಲ್ಟ್ ಪ್ಯಾನೆಲ್ ಆದರೆ 20–22 ಬರಬೇಕು. ಕಡೂರಿನ ಮಾರ್ಚ್ ಬಿಸಿಲಿಗೆ ಪ್ಯಾನೆಲ್ 60 ಡಿಗ್ರಿ ದಾಟಿದಾಗ 19.5ರ ಸುತ್ತ ಕಂಡರೆ ಅದೂ ಸರಿಯೇ. ಹತ್ತು-ಹನ್ನೊಂದು ಕಂಡರೆ ಒಂದು ಬೈಪಾಸ್ ಡಯೋಡ್ ಶಾರ್ಟ್ ಆಗಿದೆ. ಸೊನ್ನೆ ಕಂಡರೆ ಕೇಬಲ್ ಎಲ್ಲೋ ತುಂಡಾಗಿದೆ ಅಥವಾ ಕನೆಕ್ಟರ್ ಬಿಟ್ಟಿದೆ. ಮೈನಸ್ ಗುರುತು ಬಂದರೆ ಪ್ಲಸ್–ಮೈನಸ್ ಅದಲುಬದಲು.

ವೈರು ಮತ್ತೆ ಜೋಡಿಸಿದಾಗ ಪ್ಯಾನೆಲ್ ವೋಲ್ಟ್ 22ರಿಂದ 13ಕ್ಕೆ ಬಿದ್ದರೆ ಗಾಬರಿಯಾಗುವವರು ಬಹಳ. ಪಿಡಬ್ಲ್ಯುಎಂ ಕಂಟ್ರೋಲರ್ ಇದ್ದರೆ ಅದು ಹಾಗೇ, ಪ್ಯಾನೆಲನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದು ಹಿಡಿಯುತ್ತದೆ. ಪ್ಯಾನೆಲ್ ಹೆಚ್ಚು ಶಕ್ತಿ ಕೊಡುವ ವೋಲ್ಟನ್ನು ಹುಡುಕಿ ಹಿಡಿಯುವ ಎಂಪಿಪಿಟಿ ಕಂಟ್ರೋಲರಿನಲ್ಲಿ 17–19ರಲ್ಲಿ ನಿಲ್ಲಬೇಕು.

ವೋಲ್ಟ್ ಸರಿಯಿದ್ದೂ ಆಂಪ್ ಇಲ್ಲದಿರುವುದೇ ತಲೆ ತಿನ್ನುವ ದೋಷ. ಮಲ್ಟಿಮೀಟರ್ ತೀರಾ ಕಡಿಮೆ ಕರೆಂಟ್ ಎಳೆಯುವುದರಿಂದ, ಕೂದಲಷ್ಟು ತಾಗಿರುವ ಜಾಯಿಂಟೂ ಅದಕ್ಕೆ 22 ವೋಲ್ಟ್ ತೋರಿಸುತ್ತದೆ. ಇದಕ್ಕೆ ಹಳೆಯ ಹೆಡ್‌ಲೈಟ್ ಬಲ್ಬ್, 12 ವೋಲ್ಟ್ 55 ವ್ಯಾಟಿನದು, ಒಳ್ಳೆಯ ಸಾಕ್ಷಿ. ಒಂದೇ 100 ವ್ಯಾಟ್ ಪ್ಯಾನೆಲ್ ಇದ್ದಾಗ ಮಾತ್ರ, ಸಾಲಾಗಿ ಜೋಡಿಸಿದ್ದಕ್ಕೆ ಅಲ್ಲ. ಪ್ಯಾನೆಲ್ ಮುಚ್ಚಿ ಬಲ್ಬನ್ನು ವೈರಿಗೆ ಜೋಡಿಸಿ, ಟಾರ್ಪಾಲ್ ಸರಿಸಿ ಐದಾರು ಸೆಕೆಂಡು ನೋಡಿ, ಮತ್ತೆ ಮುಚ್ಚಿ. ನಡುಹಗಲಲ್ಲಿ ಬಲ್ಬ್ ಪ್ರಖರವಾಗಿ ಉರಿದರೆ ಪ್ಯಾನೆಲ್, ಕೇಬಲ್ ಸರಿ. ದೋಷ ಕಂಟ್ರೋಲರ್ ಅಥವಾ ಬ್ಯಾಟರಿ ಕಡೆ. ಕೆಂಪಗೆ ಮಿಣುಕಿದರೆ ಜಾಯಿಂಟ್ ಹಿಡಿದಿಲ್ಲ. ಎಂಸಿ4 ಬಿಚ್ಚಿ ಪಿನ್ ನೋಡಿ: ಪ್ಲೈಯರ್‌ನಿಂದ ಅಮುಕಿದ ಕ್ರಿಂಪ್, ಹಸಿರು ಪುಡಿ, ಪೂರ್ತಿ ಹಿಂದಕ್ಕೆ ಕೂರದ ಪಿನ್. ಎರಡು ಬೇರೆ ಕಂಪನಿಯ ಕನೆಕ್ಟರ್‌ಗಳು ಕ್ಲಿಕ್ ಎಂದು ಕೂತರೂ ಒಳಗಿನ ಅಳತೆ ಹೊಂದುವುದಿಲ್ಲ, ಗಂಡು–ಹೆಣ್ಣು ಎರಡನ್ನೂ ಒಂದೇ ತಯಾರಿಯದಕ್ಕೆ ಬದಲಿಸಿ.

ಎರಡು ಪ್ಯಾನೆಲ್ ಸಮಾಂತರವಾಗಿದ್ದು (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಅರ್ಧ ಮಾತ್ರ ಬರುತ್ತಿದ್ದರೆ, ಒಂದನ್ನು ಮುಚ್ಚಿ ಆಂಪ್ ನೋಡಿ, ಆಮೇಲೆ ಇನ್ನೊಂದನ್ನು. ಯಾವುದನ್ನು ಮುಚ್ಚಿದಾಗ ಅಂಕಿ ಬದಲಾಗುವುದಿಲ್ಲವೋ ಅದೇ ಸತ್ತ ಪ್ಯಾನೆಲ್.

ಬ್ಯಾಟರಿಯನ್ನು ಮರೆಯಬೇಡಿ. ಏನೂ ಉರಿಸದೆ ಮೂರು ಗಂಟೆ ಬಿಟ್ಟ ಲೆಡ್ ಆಸಿಡ್ ಬ್ಯಾಟರಿ 12.7 ತೋರಿಸಿದರೆ ತುಂಬಿದೆ, 12.2 ಅರ್ಧ, 11.8 ಬರಿದು. ಹಗಲೆಲ್ಲ 14.4 ತೋರಿಸಿ ರಾತ್ರಿ ಎರಡು ದೀಪಕ್ಕೇ 11.5ಕ್ಕೆ ಬಿದ್ದರೆ ಟಾಪಿನ ಮೇಲೆ ಹುಡುಕುವುದು ವ್ಯರ್ಥ, ಬ್ಯಾಟರಿ ಮುದಿಯಾಗಿದೆ.

## ಲಕ್ಷಣ: ಮಳೆ ಬಂದರೆ ಚಾರ್ಜ್ ಕೈಕೊಡುತ್ತದೆ, ಒಣಗಿದರೆ ಸರಿಹೋಗುತ್ತದೆ

ಮೋಡದಿಂದ ಕಡಿಮೆಯಾಗುವುದು ಬೇರೆ. ಮಳೆ ನಿಂತು ಬಿಸಿಲು ಬಂದ ಮೇಲೂ ಒಂದೆರಡು ಗಂಟೆ ಬಾರದೆ, ಆಮೇಲೆ ತಾನಾಗಿ ಬಂದರೆ ನೀರು ವಿದ್ಯುತ್ ದಾರಿಗೆ ಸೇರಿದೆ. ಪ್ಯಾನೆಲ್ ಹಿಂದಿನ ಜಂಕ್ಷನ್ ಪೆಟ್ಟಿಗೆ ಮೊದಲ ಶಂಕಿತ. ಮಲೆನಾಡಿನಲ್ಲಿ ಅದರೊಳಗೆ ಇರುವೆ ಗೂಡು ಕಟ್ಟಿ, ಮಣ್ಣು ತೇವ ಹಿಡಿದಿಡುವುದು ಸಾಮಾನ್ಯ. ಮುಚ್ಚಳ ತೆರೆಯುವಂಥದ್ದಾದರೆ ತೆರೆದು ಬ್ರಷ್‌ನಿಂದ ಸ್ವಚ್ಛ ಮಾಡಿ, ಒಣಗಿಸಿ, ರಬ್ಬರ್ ಸರಿಯಾಗಿ ಕೂರಿಸಿ.

ಎರಡನೆಯದು ಸಿಪ್ಪೆ ಸವೆದ ಕೇಬಲ್. ಟಾಪಿಗೆ ಕಟ್ಟದೆ ಬಿಟ್ಟ ಕೇಬಲ್ ಗಾಳಿಗೆ ಕುಣಿದು ತಗಡಿನ ಅಂಚಿಗೆ ಉಜ್ಜಿಕೊಳ್ಳುತ್ತದೆ. ತೋಟದಲ್ಲಿ ನಿಂತ ಗಾಡಿಯಲ್ಲಿ ಇಲಿ ಕಡಿದದ್ದೂ ಇರಬಹುದು. ಪ್ಯಾನೆಲಿನ ಎರಡೂ ವೈರನ್ನು ಕಂಟ್ರೋಲರ್‌ನಿಂದ ಬಿಚ್ಚಿ, ಮೀಟರಿನ ಒಂದು ಕಡ್ಡಿಯನ್ನು ಗಾಡಿಯ ಬಾಡಿಗೂ ಇನ್ನೊಂದನ್ನು ಒಂದೊಂದು ವೈರಿಗೂ ಹಿಡಿದು ವೋಲ್ಟ್ ಅಳೆಯಿರಿ. ಏನೋ ಕಂಡು ಕ್ಷಣದಲ್ಲಿ ಇಳಿದುಹೋದರೆ ಚಿಂತೆ ಇಲ್ಲ. ಅಲುಗದೆ ನಿಂತರೆ ನೀವು ಅಳೆದದ್ದಲ್ಲ, ಇನ್ನೊಂದು ಕೇಬಲ್ ಎಲ್ಲೋ ಬಾಡಿಗೆ ತಾಗಿದೆ. ಈ ಪರೀಕ್ಷೆ ಟಾಪು ಒದ್ದೆಯಿದ್ದಾಗಲೇ ಮಾಡಬೇಕು, ಒಣಗಿದರೆ ಕಳ್ಳ ಸಿಗುವುದಿಲ್ಲ. ಒಳಗೆ ಕೂತೇ ಮಾಡಬಹುದಾದ್ದರಿಂದ ಟಾಪು ಹತ್ತುವ ಅಗತ್ಯವಿಲ್ಲ. ಮೂರು ಪ್ಯಾನೆಲ್ ಸಾಲಾಗಿದ್ದು ಬಾಡಿಗೆ ವೋಲ್ಟ್ ನಿಂತರೆ ಮಾತ್ರ ಒದ್ದೆ ಗಾಡಿ ಮುಟ್ಟದೆ ಇಳಿದು, ಎಲೆಕ್ಟ್ರಿಷಿಯನ್ ಕರೆಯಿರಿ.

## ಲಕ್ಷಣ: ಸುಟ್ಟ ವಾಸನೆ, ಕಂದು ಕಲೆ, ಕೈ ಸುಡುವ ಕನೆಕ್ಟರ್

ಇದಕ್ಕೆ ಅಗ್ಗದ ಪರೀಕ್ಷೆ ಎಂಬುದಿಲ್ಲ. ಒಳಗಿರುವವರನ್ನು ಇಳಿಸಿ, ಪ್ಯಾನೆಲ್ ಬ್ರೇಕರ್ ಇದ್ದರೆ ಕೆಳಗಿಳಿಸಿ, ಟಾರ್ಪಾಲಿನಿಂದ ಪ್ಯಾನೆಲ್ ಮುಚ್ಚಿ, ಆಮೇಲೆ ಬ್ಯಾಟರಿ ಫ್ಯೂಸ್ ತೆಗೆಯಿರಿ. ಕರಗಿದ ಕನೆಕ್ಟರನ್ನು ಬಿಡಿಸಲು ಎಳೆಯಬೇಡಿ. ಮುಚ್ಚಿದ ಪ್ಯಾನೆಲ್‌ನ ಕೇಬಲನ್ನು ಒಂದೊಂದಾಗಿ, ಬೇರೆ ಬೇರೆ ಜಾಗದಲ್ಲಿ ಕತ್ತರಿಸಿ ತುದಿಗೆ ಟೇಪ್ ಸುತ್ತಿ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕಟಿಂಗ್ ಪ್ಲೈಯರೇ ಶಾರ್ಟ್ ಮಾಡುತ್ತದೆ.

ಗಾಜಿನಡಿ ಒಂದು ಕೋಶ ಕಂದಾಗಿದ್ದರೆ ಅಥವಾ ಹಿಂಬದಿಯ ಹಾಳೆ ಉಬ್ಬಿದ್ದರೆ ಆ ಪ್ಯಾನೆಲ್ ರಿಪೇರಿಗೆ ಬರುವುದಿಲ್ಲ. ಟಾಪಿಗೆ ನೇರ ಅಂಟಿಸಿದ ಬಾಗುವ ಪ್ಯಾನೆಲ್‌ಗಳಲ್ಲಿ ಇದು ಬೇಗ ಬರುತ್ತದೆ, ಕೆಳಗೆ ಗಾಳಿಯಾಡದೆ ಶಾಖ ಹೊರಹೋಗುವುದಿಲ್ಲ. ಗಾಜಿನ ಪ್ಯಾನೆಲ್ ಅಡಿಗೆ ಕನಿಷ್ಠ 25 ಮಿ.ಮೀ. ಸಂದಿ ಬಿಡುವುದು ಇದಕ್ಕೇ. ಗಾಜು ಒಡೆದಿದ್ದೂ ಕರೆಂಟ್ ಬರುತ್ತಿದೆಯೆಂದು ಇಟ್ಟುಕೊಳ್ಳಬೇಡಿ, ನೀರು ಒಳಸೇರಿದ ಪ್ಯಾನೆಲಿನ ಫ್ರೇಮಿಗೇ ಕರೆಂಟ್ ಬರಬಹುದು.

## ಲಕ್ಷಣ: ಓಡುವಾಗ ಸಿಳ್ಳೆ, ಬಡಿತ

ಸಿಳ್ಳೆ ಪ್ಯಾನೆಲಿನ ಮುಂದಂಚಿನದು. ಅಲ್ಲಿ ಇಳಿಜಾರಾದ ಅಲ್ಯೂಮಿನಿಯಂ ಪಟ್ಟಿ ಹಾಕಿದರೆ ಗಾಳಿ ಮೇಲಕ್ಕೆ ಸಾಗುತ್ತದೆ. ಹಿಂದಿನ, ಪಕ್ಕದ ಸಂದಿ ಮುಚ್ಚಬೇಡಿ, ಅದು ಪ್ಯಾನೆಲ್ ತಣಿಯುವ ದಾರಿ. ಟಪಟಪ ಸದ್ದು ಸಾಮಾನ್ಯವಾಗಿ ಸಡಿಲ ಕೇಬಲ್: ಗೇಣಿಗೊಂದು ಕ್ಲಿಪ್ ಅಂಟಿಸಿ, ಬಿಸಿಲಿಗೆ ತಡೆಯುವ ಕಪ್ಪು ಕೇಬಲ್ ಟೈ ಕಟ್ಟಿ. ಬಿಳಿ ಟೈ ಒಂದೆರಡು ಬೇಸಿಗೆಗೆ ಪುಡಿಯಾಗುತ್ತದೆ. ಭಾರವಾದ ಗುದ್ದು ಕೇಳಿದರೆ ಅದು ಕೇಬಲ್ ಅಲ್ಲ. ಮುಂದಿನ ಅಗಲ ಜಾಗದಲ್ಲಿ ಗಾಡಿ ನಿಲ್ಲಿಸಿ ನಾಲ್ಕೂ ಬ್ರಾಕೆಟ್ ಎಳೆದು ನೋಡಿ. ಹೊಸದಾಗಿ ಕೂರಿಸಿದ ಮೇಲೆ 100 ಕಿ.ಮೀ. ಓಡಿದಾಗ ಒಮ್ಮೆ, ಆಮೇಲೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ 10ರ ಸ್ಪ್ಯಾನರ್ ಹಾಕಿ. ನಟ್ಟಿನಿಂದ ಬೋಲ್ಟಿನ ಮೇಲೆ ಹಾದು ಪೇಂಟಿನ ಒಂದು ಗೆರೆ ಎಳೆದಿಟ್ಟರೆ, ಸಡಿಲವಾದದ್ದು ಏಣಿಯ ಮೇಲೆ ನಿಂತೇ ಕಾಣುತ್ತದೆ.